ಸೋಪಿಗೆ ಅಂಟಿ ಬಂದ ಕಡಲತಳ

ಮಾನ್ಯ ಪರವಾನಗಿ ಅಧಿಕಾರಿಗಳೇ,

ಕಡಲೊಳಗಿನ ಎಣ್ಣೆಬಾವಿಗಳು ತಮ್ಮ ಹೊಲಸನ್ನು ಇನ್ನೂ ಹತ್ತು ವರ್ಷ ಕಡಲಿಗೇ ಸುರಿಯಲು ನೀವು ಬರುವ ಸೋಮವಾರ ಅಪ್ಪಣೆ ಕೊಡಲಿದ್ದೀರಿ. ಕೊಡಬೇಡಿ. ಕಡತದಲ್ಲಿರುವ ವರದಿ ‘ದುಷ್ಪರಿಣಾಮ ಕಂಡುಬಂದಿಲ್ಲ’ ಎನ್ನುತ್ತದೆ. ನಿಜವೇ, ಕಂಡುಬಂದಿಲ್ಲ, ಕಾಣುವ ಕಡೆ ಯಾರೂ ನೋಡಿಲ್ಲ. ಆ ವಾಕ್ಯವನ್ನು ಹದಿನೆಂಟು ವರ್ಷ ಬೆರಳಚ್ಚು ಮಾಡಿದವಳು ನಾನೇ.

ನಿಮ್ಮ ಸಿಬ್ಬಂದಿ ದೋಣಿಯಂಚಿನಿಂದ ಬಗ್ಗಿ ಪರೀಕ್ಷೆಯ ಮಾದರಿಗೆಂದು ಬಾಟಲಿ ತುಂಬಿಸಿಕೊಳ್ಳುತ್ತಾರೆ. ಮೇಲಿನ ಒಂದು ಮೊಳದ ನೀರು. ಎಣ್ಣೆಯ ಜೊತೆ ಬಂದ ಕೊಳೆನೀರು ಅಷ್ಟರಲ್ಲಿ ಅಲೆಗಳಲ್ಲಿ ಚದುರಿರುತ್ತದೆ, ಬಾವಿ ಕೊರೆದ ಕೆಸರು ತಳಕ್ಕೆ ಕೂತಿರುತ್ತದೆ. ಪಾತ್ರೆಯ ತಳ ಸೀದಿದೆಯೇ ಎಂದು ಮುಚ್ಚಳ ಮುಟ್ಟಿ ನೋಡುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ನನ್ನ ಅಣ್ಣ ಮೀನುಗಾರ. ಅವನ ಬಳಿ ಸೀಸದ ಗುಂಡೊಂದಿದೆ. ಅದರ ಬುಡಕ್ಕೆ ಬಟ್ಟೆಸೋಪು ಮೆತ್ತಿ ಹಗ್ಗದಲ್ಲಿ ಇಳಿಬಿಡುತ್ತಾನೆ. ತಳದಲ್ಲಿರುವುದು ಅಂಟಿಕೊಂಡು ಬರುತ್ತದೆ. ಮರಳು ಬಂದರೆ ಒಂದು ಬಲೆ, ಚಿಪ್ಪಿನ ಚೂರು ಬಂದರೆ ಇನ್ನೊಂದು. ಐದಾರು ವರ್ಷಗಳಿಂದ ಬರುತ್ತಿರುವುದು ಸೀಮೆಎಣ್ಣೆ ನಾರುವ ಬೂದು ಜಿಡ್ಡು ಮಾತ್ರ. ಚಿಪ್ಪಿಲ್ಲ, ಹುಳುವಿಲ್ಲ, ಅವನ್ನು ತಿಂದು ಬದುಕುವ ಮೀನು ಎಲ್ಲಿಂದ ಬರಬೇಕು? ಎಷ್ಟೋ ದಿನ ಅವನು ಬಲೆ ಬಿಚ್ಚದೆಯೇ ಹಿಂತಿರುಗುತ್ತಾನೆ.

ಹೋದ ತಿಂಗಳು ಆ ಸೋಪನ್ನು ಕಾಗದದಲ್ಲಿ ಸುತ್ತಿ ನಮ್ಮ ಕಚೇರಿಗೆ ತಂದ. “ಮಾದರಿ ಬಾಟಲೀಲಿ ಇರ್ಬೇಕು. ಸೋಪಿಗೆ ನಮ್ಮಲ್ಲಿ ಫಾರಂ ಇಲ್ಲ,” ಎಂದರು ಗುಮಾಸ್ತರು. ಬರಿಗೈಯಲ್ಲಿ ಕಳಿಸಬಾರದೆಂದು ವರದಿಯ ಪ್ರತಿಯೊಂದನ್ನು ಕೊಟ್ಟರು. ಕೊನೆಯ ಪುಟದ ಮೂಲೆಯಲ್ಲಿ, ಪದ್ಧತಿಯಂತೆ, ಬೆರಳಚ್ಚು ಮಾಡಿದವರ ಹೆಸರಿನ ಮೊದಲಕ್ಷರಗಳಿದ್ದವು. ಅವನು ನೇರವಾಗಿ ನನ್ನ ಮೇಜಿನ ಬಳಿ ಬಂದ.

“ಇದು ನೀನೇ ಹೊಡೆದಿದ್ದಾ?”

“ಅವ್ರು ಬರ್ದುಕೊಟ್ಟಿದ್ದು ಅಣ್ಣ. ನಾನು ಬರೀ ಟೈಪ್ ಮಾಡ್ತೀನಿ.”

“ವಾರ ವಾರ ನಮ್ಮನೇಗೆ ಊಟಕ್ಕೆ ಬರ್ತೀಯ. ಒಂದ್ ಮಾತು ನನ್ನ ಕೇಳ್ಬಾರ್ದಿತ್ತಾ?”

ಅಂದಿನಿಂದ ಅವನು ಮಾತು ಬಿಟ್ಟಿದ್ದಾನೆ. ಅತ್ತಿಗೆ ಬಾಗಿಲು ತೆಗೆಯುತ್ತಾಳೆ, ಅವನು ಹಿತ್ತಲಿಗೆ ಎದ್ದುಹೋಗುತ್ತಾನೆ. ತುಂಬ ನೋಯುತ್ತದೆ, ಮಾನ್ಯರೇ. ಕಾಗುಣಿತ ನನ್ನ ಜವಾಬ್ದಾರಿ, ಅರ್ಥ ನನ್ನದಲ್ಲ ಎಂದುಕೊಂಡೇ ಇಷ್ಟು ವರ್ಷ ಕಳೆದೆ. ಸಹಿ ಹಾಕುವ ನೀವೂ ಹಾಗೆಂದುಕೊಳ್ಳಬಹುದೇ?

ನನ್ನ ಬೇಡಿಕೆ ಒಂದೇ. ಸೋಮವಾರಕ್ಕೆ ಮೊದಲು ಒಂದು ಬೆಳಿಗ್ಗೆ ಅಣ್ಣನ ದೋಣಿಯಲ್ಲಿ ಹೋಗಿ, ಗುಂಡನ್ನು ನಿಮ್ಮ ಕೈಯಾರೆ ಇಳಿಸಿ, ಅಂಟಿ ಬಂದದ್ದನ್ನು ಮೂಸಿ ನೋಡಿ. ಕರೆದೊಯ್ಯುವನೇ ಎಂದು ಅತ್ತಿಗೆಯ ಮೂಲಕ ಕೇಳಿಸಿದ್ದೇನೆ. “ಸಾಹೇಬ್ರು ಬರ್ಲಿ, ಕರ್ಕೊಂಡು ಹೋಗ್ತೀನಿ. ಅವಳು ಬೇಡ,” ಅಂದನಂತೆ.

ಇಂತಿ,
ನಿಮ್ಮ ಕಚೇರಿಯ ಬೆರಳಚ್ಚುಗಾರ್ತಿ,
ಮೀನುಗಾರನೊಬ್ಬನ ತಂಗಿ, ಸದ್ಯಕ್ಕೆ ಹೆಸರಿಗೆ ಮಾತ್ರ