ಅಪ್ಪನ ಲೇಡೀಸ್ ಸೈಕಲ್

ಮನೆ,
ಮಾರ್ಚ್ ೧೨, ಗುರುವಾರ ಸಂಜೆ

ಪ್ರೀತಿಯ ಅಣ್ಣಾ,

ನಿನ್ನ ಕತ್ತು ನೋವು ಹೇಗಿದೆ? ದಿನವಿಡೀ ಕುರ್ಚಿಯಲ್ಲಿ ಕೂರುವವರಿಗೆ ಅದು ಬೇಗ ಬಿಡುವುದಿಲ್ಲವಂತೆ, ಆಗಾಗ ಎದ್ದು ಓಡಾಡು. ಅಪ್ಪ ಚೆನ್ನಾಗಿದ್ದಾರೆ, ಬಿದ್ದಾಗ ಮೊಣಕೈ ತರಚಿದ ಗಾಯ ಒಣಗಿದೆ. ಫೋನಿನಲ್ಲಿ ನೀನು ಜೋರು ಮಾಡಿದರೆ ನನ್ನ ಬಾಯಿ ಕಟ್ಟಿಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

"ಈ ವಯಸ್ಸಿಗೆ ಸೈಕಲ್ ಸಾಕು, ಭಾನುವಾರ ಬಂದು ಮಾರಿಬಿಡ್ತೀನಿ" ಅಂದೆಯಲ್ಲ, ಅಂದು ಅಪ್ಪ ಸರಿಯಾಗಿ ಊಟ ಮಾಡಲಿಲ್ಲ. ಅಪ್ಪನ ಬೀಗ ರಿಪೇರಿ ಮನೆಯಲ್ಲಿ ಕೂತು ಮಾಡುವ ಕೆಲಸವಲ್ಲ. ಕೀಲಿ ಕಳೆದುಕೊಂಡವರು ತಮ್ಮ ಬಾಗಿಲ ಹೊರಗೆ ನಿಂತು ಕಾಯುತ್ತಿರುತ್ತಾರೆ, ಇವರೇ ಹೋಗಬೇಕು. ಸೈಕಲ್ ಹೋದರೆ ಕೆಲಸವೂ ಹೋದಂತೆ. ನಾನು ಕೆಲವು ತಿಂಗಳಿಂದ ನೋಡುತ್ತಲೇ ಇದ್ದೆ. ಹೊರಡುವಾಗ ಅಪ್ಪ ಸೈಕಲ್ಲನ್ನು ಮೆಟ್ಟಿಲ ಪಕ್ಕಕ್ಕೆ ತಂದು, ಮೆಟ್ಟಿಲ ಮೇಲೆ ನಿಂತು ಹತ್ತುತ್ತಿದ್ದರು. ಹತ್ತಿದ ಮೇಲೆ ಅವರನ್ನು ಹಿಡಿಯುವವರಿಲ್ಲ. ಅವರಿಗೆ ಕಷ್ಟ ತುಳಿಯುವುದಲ್ಲ, ಆ ಎತ್ತರದ ಬಾರ್ ದಾಟಿಸಿ ಕಾಲು ಹಾಕುವುದು. ಬಿದ್ದದ್ದೂ ಹಾಗೆಯೇ, ಇಳಿಯುವಾಗ ಕಾಲು ಹಿಂದಿನ ಸಾಮಾನಿನ ಪೆಟ್ಟಿಗೆಗೆ ತಗುಲಿ. ಹೇಗೆ ಬಿದ್ದರು ಅಂತ ಡಾಕ್ಟರೂ ಕೇಳಲಿಲ್ಲ, ನೀನೂ ಕೇಳಲಿಲ್ಲ.

ಸೋಮವಾರ ಬಾರ್ ಇಲ್ಲದ ನನ್ನ ಲೇಡೀಸ್ ಸೈಕಲ್ಲಿನ ಸೀಟು, ಹ್ಯಾಂಡಲ್ ಎರಡನ್ನೂ ಎತ್ತರಿಸಿ, ಪೆಟ್ಟಿಗೆಯನ್ನು ಅದರ ಕ್ಯಾರಿಯರಿಗೆ ಕಟ್ಟಿದೆ. ಅಪ್ಪ ಅದನ್ನೊಮ್ಮೆ ನನ್ನನ್ನೊಮ್ಮೆ ನೋಡಿ, "ಜನ ಏನಂತಾರೆ ಮಗಳೇ" ಅಂದರು. "ಬೀಗ ತೆಗೆಸ್ಕೊಳ್ಳೋರು ಏನೂ ಅನ್ನಲ್ಲಪ್ಪ" ಅಂದೆ. ಹಾಗೆ ಅಂದದ್ದು ನಾನೇನಾ ಅಂತ ನನಗೇ ಅನ್ನಿಸಿತು. ಅಪ್ಪ ಬೆನ್ನು ನೆಟ್ಟಗೆ ಮಾಡಿ ಕೂತು ಹೊರಟರು. ಮೂಲೆಯ ಕ್ಷೌರದಂಗಡಿಯವನು ಬಿಡುತ್ತಾನೆಯೇ? "ಏನ್ ಯಜಮಾನ್ರೇ, ಇನ್ನು ಬಳೆ ಒಂದು ಬಾಕಿ" ಅಂದದ್ದು ನಮ್ಮ ಗೇಟಿಗೇ ಕೇಳಿಸಿತು. ಅಪ್ಪ ಬ್ರೇಕು ಹಿಡಿದು, ಸಲೀಸಾಗಿ ಕಾಲು ನೆಲಕ್ಕೂರಿ, "ಬಳೆ ಹಾಕ್ಕೊಂಡೇ ಬರ್ತೀನಿ ಬಿಡು. ನಿನ್ನ ಷಟರ್ ಬೀಗ ಸಿಕ್ಕಿಹಾಕ್ಕೊಂಡ ದಿನ ಮಾತ್ರ ಬಳೆಯವನು ಬೇಡ ಅನ್ಬೇಡ" ಅಂದು, ಯಾರೂ ಅಡ್ಡವಿಲ್ಲದ ರಸ್ತೆಯಲ್ಲಿ ಗಂಟೆ ಬಾರಿಸುತ್ತಾ ಹೋದರು. ಅಂದಿನಿಂದ ದಿನಾ ಹೋಗುತ್ತಿದ್ದಾರೆ.

ಭಾನುವಾರ ನೀನು ಖಂಡಿತ ಬಾ. ಕೊಳ್ಳುವವರನ್ನು ಮಾತ್ರ ಕರೆತರಬೇಡ, ನಾನು ಮಾರಲು ಬಿಡುವುದಿಲ್ಲ. ಇದನ್ನು ನಿನ್ನೆದುರು ನಿಂತು ಹೇಳಲು ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದೇನೆ, ನಗಬೇಡ.

ಅತ್ತಿಗೆಯನ್ನು ಕೇಳಿದೆನೆಂದು ಹೇಳು. ಪಾಪುವಿಗೆ ಅತ್ತೆಯ ಮುತ್ತು.

ನೀನೇ ಹೆಸರಿಟ್ಟ
ಮೌನಗೌರಿ

ತಾ.ಕ.: ಬಾರ್ ಸೈಕಲ್ ಸುಮ್ಮನೆ ಬಿದ್ದಿದೆಯಲ್ಲ, ಅದನ್ನಾದರೂ ಮಾರೋಣ ಅನ್ನಬೇಡ. ನನ್ನದು ಅಪ್ಪನದಾದ ಮೇಲೆ ಲೈಬ್ರರಿ ಕೆಲಸಕ್ಕೆ ನಾನು ಅದರಲ್ಲೇ ಹೋಗುತ್ತಿದ್ದೇನೆ. ಕ್ಷೌರದಂಗಡಿಯ ಎದುರಿಗೇ ಒಮ್ಮೆ ಬಿದ್ದದ್ದೂ ಆಯಿತು. ನಿನ್ನೆಯವರೆಗೆ ಮೆಟ್ಟಿಲ ಪಕ್ಕ ಅಪ್ಪ ಸೈಕಲ್ ಹಿಡಿದುಕೊಂಡು ನನ್ನನ್ನು ಹತ್ತಿಸುತ್ತಿದ್ದರು. ಇವತ್ತು ಮೆಟ್ಟಿಲಿಲ್ಲದೆ ಹತ್ತಿದೆ.