ಚಲುವಮ್ಮ ಕೊಟ್ಟ ಮುಯ್ಯಾಳಿನ ಮಾತು

ಆತಗೂರು ಹೋಬಳಿ,
ಗುರುವಾರ, ೧೯ ಡಿಸೆಂಬರ್ ೧೯೪೦

ಮಳವಳ್ಳಿಯಲ್ಲಿರುವ ನಮ್ಮ ಯಜಮಾನರಿಗೆ ಚಲುವಮ್ಮ ಮಾಡುವ ನಮಸ್ಕಾರಗಳು.

ನಾವೆಲ್ಲ ಕ್ಷೇಮ ಎಂದು ಬರೆದೇ ಕಾಗದ ಶುರು ಮಾಡಬೇಕಂತೆ. ಬರೆದರೆ ಸುಳ್ಳಾಗುತ್ತದೆ, ಅದಕ್ಕೇ ಬಿಟ್ಟೆ. ನಮ್ಮೂರ ಕೆಳಗಿನ ಬೀದಿಯಲ್ಲಿ ಇಲಿ ಸತ್ತು ಬಿದ್ದಿವೆ. ಪ್ಲೇಗು ಬಂದಿದೆ. ಈ ಕಾಗದ ತರುವ ರೇವಣ್ಣನ ಗಾಡಿಯಲ್ಲೇ ನೀವು ಹೊರಟು ಬರಬೇಕು. ಎರಡು ವರ್ಷದಿಂದ ಮುಖ ನೋಡದೆ ತವರಿನಲ್ಲಿ ಕೂತವಳು ಈಗ ಬನ್ನಿ ಅನ್ನುತ್ತಾಳಲ್ಲ ಎಂದು ನಿಮಗೆ ನಗು ಬಂದೀತು. ನಗಿ, ಆದರೆ ಬನ್ನಿ.

ತಾಲ್ಲೂಕಿನಿಂದ ಬಂದವರು ಊರು ಖಾಲಿ ಮಾಡಿ ಬಯಲಲ್ಲಿ ಗುಡಿಸಲು ಹಾಕಿಕೊಳ್ಳಿ, ಸೂಜಿ ಹಾಕಲು ಡಾಕ್ಟರು ಬರುತ್ತಾರೆ ಎಂದು ಹೇಳಿ ಹೋದರು. ಪಟೇಲರು ಬಾಗಿಲಿಗೆ ಬೀಗ ಜಡಿದು ಮಂಡ್ಯದ ಮಗಳ ಮನೆ ಸೇರಿಕೊಂಡರು. ಗದ್ದೆಯಲ್ಲಿ ನೋಡಿದರೆ ಭತ್ತ ಕುಯ್ಲಿಗೆ ಬಂದು ನಿಂತಿದೆ. ಯಾರನ್ನು ಕರೆದರೂ "ಮೊದ್ಲು ಕುಯ್ಲು ಮುಗೀಲಿ ಕಣವ್ವ, ಆಮ್ಯಾಕೆ ನೋಡುವಾ" ಎಂಬ ಒಂದೇ ಮಾತು. ಕುಯ್ಲು ಮುಗಿಯಲಿ ಎಂದು ಮಾರಿ ಕಾಯುತ್ತಾಳೆಯೇ? ಅಷ್ಟರಲ್ಲಿ ಕೆಳಗಿನ ಬೀದಿಯ ಚಿಕ್ಕನಂಜಮ್ಮನ ಮಗ ಹೋದ. ಇನ್ನೂ ಹಾಲುಹಲ್ಲು ಬೀಳದ ಮಗು.

ಮಣ್ಣು ಮಾಡಿ ಬಂದವಳೇ ಅರಳಿಕಟ್ಟೆಯ ಮುಂದೆ ನಿಂತು ಹೇಳಿಬಿಟ್ಟೆ. ಗುಡಿಸಲು ಕಟ್ಟಲು ಯಾರು ಬರುತ್ತೀರೋ ಅವರ ಗದ್ದೆಗೆ ನಾನು ಮುಯ್ಯಾಳು ಬರುತ್ತೇನೆ ಎಂದೆ. ನೀವು ನನಗೆ ಒಂದು ದಿನ ದುಡಿದರೆ ನಾನು ನಿಮಗೆ ಒಂದು ದಿನ. ನಮ್ಮ ಕಡೆ ಕೂಲಿಗಿಂತ ಗಟ್ಟಿಯಾದ ಕರೆ ಅದೊಂದೇ ಅಲ್ಲವೇ. ಚಿಕ್ಕಬೋರಯ್ಯ ನಕ್ಕುಬಿಟ್ಟ. "ಊರ್ಗೆಲ್ಲಾ ನೀನೊಬ್ಳೇ ಕುಯ್ಯಾಕಾದದಾ? ಯುಗಾದಿ ಬಂದೋಯ್ತದೆ ಕಣಮ್ಮ" ಎಂದ. ಹಾಗೆ ನಕ್ಕವನೇ ಎಲ್ಲರಿಗಿಂತ ಮೊದಲು ಮಚ್ಚು ಹಿಡಿದು ಬಂದ. ಮುಯ್ಯಾಳು ಕೇಳಿದ ಮೇಲೆ ಬರದೆ ಇರುವುದು ನಮ್ಮೂರಲ್ಲಿ ಮಾನ ಕಳೆಯುವ ಮಾತು.

ಈಗ ಮೇಲಿನ ಬೀದಿಯವರ ಗುಡಿಸಲುಗಳು ಎದ್ದಿವೆ. ಕೆಳಗಿನ ಬೀದಿಯವರದು ಉಳಿದಿದೆ. ತಮ್ಮ ತಲೆಗೆ ಸೂರು ಬಂದ ಮೇಲೆ ಜನರ ಕೈ ಸಡಿಲವಾಗಿದೆ. ಸಾವಾದ ಬೀದಿಯವರು ಇತ್ತ ಬರುವುದೇ ಬೇಡ ಎಂದು ಗೊಣಗುವವರೂ ಇದ್ದಾರೆ. ಮುಂದೆ ನಿಂತು ನಡೆಸುವವರು ಒಂದೆರಡು ದಿನ ಕಾಣದಿದ್ದರೆ ಸಾಕು, ಕೆಲಸ ನಿಂತುಹೋಗುತ್ತದೆ. ನಿಂತರೆ ಆ ಬೀದಿಯ ಜನ ಇಲಿ ಸತ್ತ ಮನೆಗಳಲ್ಲೇ ಉಳಿದು ಒಬ್ಬೊಬ್ಬರಾಗಿ ಸಾಯುತ್ತಾರೆ. ನನಗೆ ಭಯವಾಗುತ್ತಿದೆ ರೀ. ಊಟ ಸೇರುವುದಿಲ್ಲ, ಕಣ್ಣು ಮುಚ್ಚುವುದಿಲ್ಲ.

ನೀವು ಮೇಸ್ತ್ರಿ. ನಾಲೆ ಕಡಿಸಿದವರು, ಸೇತುವೆ ಎಬ್ಬಿಸಿದವರು. ನಿಮಗೆ ಕೆಲಸ ಗೊತ್ತು, ಜನ ಗೊತ್ತಿಲ್ಲ. ಕಾಗದ ಹರಿಯಬೇಡಿ, ಮುಂದೆ ಓದಿ. ನಿಮ್ಮ ಗಂಟಲನ್ನು ಮಳವಳ್ಳಿಯಲ್ಲೇ ಬಿಟ್ಟು ಬನ್ನಿ. ಚಿಕ್ಕಬೋರಯ್ಯನಂತೆ ಕಬ್ಬಿನ ಸೋಗೆ ಹೊದಿಸುವವನು ಸುತ್ತಮುತ್ತ ಇಲ್ಲ, ಆದರೆ ದನಿ ಏರಿಸಿದರೆ ಏಣಿ ಇಳಿದು ಮನೆಗೆ ಹೋಗುತ್ತಾನೆ. ಪಕ್ಕದಲ್ಲಿ ಕೂತು ಮೊದಲು ಅವನ ಎತ್ತುಗಳ ಯೋಗಕ್ಷೇಮ ಕೇಳಿ, ಆಮೇಲೆ ಕೆಲಸದ ಮಾತು ತೆಗೆಯಿರಿ. ಪುಟ್ಟಮಾದಮ್ಮ ಭತ್ತದ ಮೂಟೆ ಬಿಟ್ಟು ಊರು ದಾಟುವುದಿಲ್ಲ ಎಂದು ಹಟ ಹಿಡಿದಿದ್ದಳು. ಮೂಟೆಯನ್ನು ಗುಡಿಸಲಿಗೆ ತಂದರೆ ಇಲಿಯೂ ಅದರ ಹಿಂದೆಯೇ ಬರುತ್ತದೆ. ನಾನು ಜಗಳಕ್ಕೆ ಹೋಗಲಿಲ್ಲ. ಊರ ಭತ್ತವೆಲ್ಲ ದೂರದ ಕಣದಲ್ಲಿರಲಿ, ಕಾವಲಿಗೆ ನಿನ್ನಂಥ ಗಟ್ಟಿಗಿತ್ತಿ ಇನ್ನಾರು ಎಂದೆ. ಅವತ್ತೇ ಚಾಪೆ ಸುತ್ತಿಕೊಂಡು ಬಂದಳು. ಈಗ ಅಲ್ಲಿ ಕಾಗೆಗೂ ಕಾಳು ಸಿಗುವುದಿಲ್ಲ. ಅವಳ ಕಾವಲಿಗೆ ನೀವು ಕೈ ಹಾಕಬೇಡಿ. ಒಬ್ಬರಿಗೆ ಒಪ್ಪಿಸಿದ ಮೇಲೂ ಬೆನ್ನ ಹಿಂದೆ ನಿಂತು ಇಣುಕುವುದು ನಿಮ್ಮ ಕೆಟ್ಟ ಚಾಳಿ.

ತಾಲ್ಲೂಕಿನಿಂದ ಬಂದ ಬಿದಿರು ಸಾಲದೆ ಹೋದಾಗ ನಾನು ಅದನ್ನು ಎಲ್ಲರ ಎದುರು ಹೇಳಿದೆ. ಬಾಯಿಗೆ ಬಂದಂತೆ ಬೈದರು. ಬೈದು ಮುಗಿದ ಮೇಲೆ ತಮ್ಮ ತಮ್ಮ ಹಿತ್ತಿಲಿನ ಗಳುಗಳನ್ನು ಹೊತ್ತು ತಂದರು. ಕಟ್ಟುವ ಹಗ್ಗವೂ ಮುಗಿಯುತ್ತಾ ಬಂದಿದೆ, ಬರುವಾಗ ಗಾಡಿಯಲ್ಲಿ ಹಾಕಿಸಿಕೊಳ್ಳಿ. ಬಂದವರೇ ಮೊದಲು ಚಿಕ್ಕನಂಜಮ್ಮನ ಗುಡಿಸಲಿಗೆ ಕೈ ಹಚ್ಚಿ. ಯಾರಿಗೂ ಕೆಲಸ ಹೇಳಬೇಡಿ, ನೀವೇ ಗುಣಿ ತೋಡಿ ಕಂಬ ನಿಲ್ಲಿಸಿ. ಮೇಸ್ತ್ರಿಯ ಕೈ ಮಣ್ಣಾದದ್ದನ್ನು ಕಂಡರೆ ಮಿಕ್ಕವರು ತಾವಾಗಿಯೇ ಬರುತ್ತಾರೆ. ಬರದೇ ಹೋದರೆ ಬೈಯಬೇಡಿ, ಎರಡನೆಯ ಗುಣಿ ತೋಡಿ.

ಇನ್ನು ನನ್ನ ಅಣ್ಣನ ವಿಷಯ. ನಾಲೆಯ ಕೆಲಸದಲ್ಲಿ ಕೂಲಿಗಳೆಲ್ಲರ ಎದುರು ನೀವು ಮರಿಸಿದ್ದಯ್ಯನಿಗೆ ಅಳತೆಗೋಲಿನಿಂದ ಹೊಡೆದಿರಿ. ಹೆಂಡತಿಯ ಅಣ್ಣ ಎಂದು ಬೇಡ, ವಯಸ್ಸಿಗಾದರೂ ಬೆಲೆ ಕೊಡಬಾರದಿತ್ತೇ? ಅವತ್ತು ಅವನ ಹಿಂದೆ ಹೊರಟು ಬಂದವಳು ನಾನು. ಬಂದದ್ದು ತಪ್ಪೆಂದು ಇವತ್ತೂ ಅನ್ನಿಸಿಲ್ಲ. ಅಣ್ಣ ಇಲ್ಲಿ ಬೆಳಗಿನಿಂದ ಬೈಗಿನ ತನಕ ಗಳು ಕಟ್ಟುತ್ತಾನೆ. ಅವನಿಗೇ ಯಜಮಾನಿಕೆ ಒಪ್ಪಿಸಬಹುದಿತ್ತು, ಆದರೆ ಎದುರು ನಿಂತು ಜೋರು ಮಾಡುವವರನ್ನು ಕಂಡರೆ ಅವನ ಬಾಯಿ ಕಟ್ಟುತ್ತದೆ. ನಿಮ್ಮನ್ನು ಕರೆಸಲೇ ಎಂದು ಮೊನ್ನೆ ಅವನನ್ನೇ ಕೇಳಿದೆ. ಹಗ್ಗದ ಗಂಟು ಬಿಗಿಯುತ್ತಲೇ ಇದ್ದ. ಕೊನೆಗೆ, "ಬರ್ಲಿ ಬುಡು. ನಮ್ ಜೊತೆ ಕೂತ್ಕಂಡು ಮುದ್ದೆ ಉಣ್ಲಿ, ಅಷ್ಟೇಯ" ಎಂದ. ನೀವು ಬೇರೆ ಎಲೆ ಹಾಕಿಸಿಕೊಂಡು ದೂರ ಕೂರುವುದಾದರೆ ಬರಲೇಬೇಡಿ.

ಇಷ್ಟೆಲ್ಲ ಬಲ್ಲವಳು ನೀನೇ ಮುಗಿಸು ಎನ್ನುತ್ತೀರಿ. ಹೆಂಗಸಿನ ಮಾತು ಎಷ್ಟು ದಿನ ನಡೆದೀತು? ನನಗೆ ಸಾಕಾಗಿದೆ. ಕಾಲು ಸೋತಿದೆ, ತಲೆ ಓಡುತ್ತಿಲ್ಲ. ಅಷ್ಟೇ ಅಂದುಕೊಳ್ಳಿ, ಹೆಚ್ಚು ಕೇಳಬೇಡಿ. ನಿಮ್ಮ ಮೇಲೆ ನನಗಿದ್ದ ಆಸೆ ದೊಡ್ಡದು, ಅದಕ್ಕೇ ಕೋಪವೂ ದೊಡ್ಡದಾಯಿತು. ಈ ಒಂದು ಕೆಲಸ ನಡೆಸಿಕೊಡಿ. ಕೈ ಮುಗಿದು ಕೇಳುತ್ತೇನೆ. ನೀವು ಬರದೇ ಹೋದರೆ ಈ ಜನಕ್ಕೆ ಬೇರೆ ಯಾರೂ ಇಲ್ಲ.

ಇಂತಿ,
ಕೋಪ ಇಳಿಯದಿದ್ದರೂ ನಿಮ್ಮವಳೇ ಆದ
ಚಲುವಮ್ಮ

ಮತ್ತೊಂದು ಮಾತು: ಬರೆಯಬಾರದು ಎಂದುಕೊಂಡಿದ್ದೆ. ನನ್ನನ್ನು ನೋಡಲು ಮನೆಗೆ ಬರಬೇಡಿ, ನೇರವಾಗಿ ಬಯಲಿಗೆ ಹೋಗಿ. ನಿನ್ನೆ ಜ್ವರ ಬಂತು, ಇವತ್ತು ಕಂಕುಳಲ್ಲಿ ಗೆಡ್ಡೆ ಎದ್ದಿದೆ. ಒಳಗಿನಿಂದ ಅಗುಳಿ ಹಾಕಿಕೊಂಡಿದ್ದೇನೆ. ಚಿಕ್ಕನಂಜಮ್ಮ ಹೊಸ್ತಿಲಾಚೆ ಗಂಜಿ ಇಟ್ಟು ಹೋಗುತ್ತಾಳೆ. ಅಣ್ಣನಿಗೆ ತಿಳಿಸಿಲ್ಲ, ತಿಳಿದರೆ ಕೆಲಸ ಬಿಟ್ಟು ಬಂದು ಬಾಗಿಲು ಒಡೆಯುತ್ತಾನೆ. ನಾನು ಕೊಟ್ಟ ಮುಯ್ಯಾಳಿನ ಮಾತು ಊರ ತುಂಬ ಬಾಕಿ ಇದೆ. ಸತ್ತವಳನ್ನು ಯಾರು ಕೇಳುತ್ತಾರೆ ಎಂದು ಅವರು ಬಿಟ್ಟುಬಿಡುತ್ತಾರೆ, ನೀವು ಬಿಡಬೇಡಿ. ನನ್ನ ಬದಲು ಕುಡುಗೋಲು ಹಿಡಿದು ಒಂದೊಂದು ಮನೆಯ ಗದ್ದೆಗೂ ಇಳಿಯಿರಿ, ಆಳಿನ ಹಾಗೆ ಬಗ್ಗಿ ಕುಯ್ಯಿರಿ. ಮೊದಲು ಅಣ್ಣನ ಗದ್ದೆ.