ಅಕ್ಕನ ಹೆಬ್ಬೆಟ್ಟು

ಮಾರ್ಚ್ ೩, ಮಂಗಳವಾರ

ಇವತ್ತೂ ಆಗಲಿಲ್ಲ. ಹೋದ ಪುಟ್ಟ, ಬಂದ ಪುಟ್ಟ. ಅರ್ಧ ದಿನ ರಜೆ ಹಾಕಿ ಗುರುತಿನ ಕಾರ್ಡಿನ ಸೆಂಟರಿಗೆ ಓಡಿದ್ದೇ ಬಂತು. ಹೆಬ್ಬೆಟ್ಟು ಇಡಿ ಅಂದ ಕೌಂಟರಿನವನು. ಇಟ್ಟೆ. ಕೆಂಪು ದೀಪ. ಒರೆಸಿ ಇಡಿ ಅಂದ. ಒರೆಸಿ ಇಟ್ಟೆ. ಕೆಂಪು. ಒತ್ತಿ ಇಡಿ. ಕೆಂಪು. ಹತ್ತೂ ಬೆರಳು ಮುಗಿದವು. ಇನ್ನು ಕಾಲಿನದು ಇಡಲಾ ಅಂತ ಕೇಳಿದೆ. ನಗಲಿಲ್ಲ ಪುಣ್ಯಾತ್ಮ.

"ನಿಮ್ಮ ಬೆರಳು ಸವೆದಿದೆ ಮೇಡಂ."

ಸವೆಯದೆ ಇನ್ನೇನಾಗುತ್ತೆ. ಹದಿನಾಲ್ಕು ವರ್ಷದಿಂದ ಸರ್ಕಾರಿ ಪ್ರೆಸ್ಸಿನಲ್ಲಿ ಹಾಳೆ ಮಡಚಿ, ಹೊಲಿದು, ಅಂಟು ಹಚ್ಚಿ, ರಟ್ಟು ಕಟ್ಟಿದ ಕೈ ಇದು. ಅಷ್ಟೂ ವರ್ಷ ಟೆಂಪರರಿ. ಈಗ ಪರ್ಮನೆಂಟ್ ಆರ್ಡರ್ ಬಂದಿದೆ. ೩೧ನೇ ತಾರೀಕಿನೊಳಗೆ ಆಫೀಸಿನ ಮೆಷೀನಲ್ಲಿ ಹೆಬ್ಬೆಟ್ಟು ಒತ್ತಬೇಕು, ಅದು ಕಾರ್ಡಿನ ದಾಖಲೆ ಜೊತೆ ಹೊಂದಬೇಕು. ಹೊಂದದಿದ್ದರೆ ಪಟ್ಟಿಯಲ್ಲಿ ನನ್ನ ಕೆಳಗೆ ಇರೋರಿಗೆ ಕೆಲಸ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ — ಇಲ್ಲಿ ಪೂಜಾರಿ ಅಂದರೆ ಬೆಂಕಿಪೊಟ್ಟಣದಷ್ಟು ಗಾಜು.

ಮಾರ್ಚ್ ೫, ಗುರುವಾರ

ಊರಿಗೆಲ್ಲ ಗೊತ್ತಾಗಿದೆ. ಎಲ್ಲರದ್ದೂ ಒಂದೊಂದು ಔಷಧಿ. ನಿಂಬೆಹಣ್ಣು ಉಜ್ಜು. ಹಾಲಿನ ಕೆನೆ ಹಚ್ಚು. ರಾತ್ರಿ ಎಣ್ಣೆ ಸವರಿ ಕಾಲುಚೀಲ ಹಾಕ್ಕೊಂಡು ಮಲಗು — ಕೈಗೆ! ಫೋರ್‌ಮನ್ ದೊಡ್ಡ ಮನಸ್ಸು ಮಾಡಿ ಅಂಟಿನ ಕೆಲಸದಿಂದ ಬಿಡಿಸಿ ಹಾಳೆ ಎಣಿಸೋಕೆ ಹಾಕಿದ್ದಾರೆ. "ಬೆರಳು ಚಿಗುರಲಿ," ಅಂತಾರೆ. ಬೆರಳೇನು ಕರಿಬೇವಾ.

ನಮ್ಮನೆಯವರು ಮಾತ್ರ ಪೇಪರಿಂದ ತಲೆ ಎತ್ತದೆ, "ಆಗುತ್ತೆ ಬಿಡು," ಅಂದರು. ಈ ಮನುಷ್ಯನಿಗೆ ಮನೆಗೆ ಬೆಂಕಿ ಬಿದ್ದರೂ ಆಗುತ್ತೆ ಬಿಡು.

ಮಾರ್ಚ್ ೯, ಸೋಮವಾರ

ಸರ್ವರ್ ಡೌನ್. ಆ ಕೌಂಟರಿನವನಿಗೆ ನಾನೇ ಹೆಸರಿಟ್ಟಿದ್ದೀನಿ, ಸರ್ವರಣ್ಣ ಅಂತ. ಬಾಯಿ ತೆರೆದರೆ ಅದೊಂದೇ ಮಾತು. ಕ್ಯೂನಲ್ಲಿ ನಿಂತು ನಿಂತು ಕಾಲು ಕಂಬ ಆಯ್ತು. ಅವನ ಮೇಜಿನ ಮೇಲಿರೋ ದಪ್ಪ ರಿಜಿಸ್ಟರ್ ನಮ್ಮ ಪ್ರೆಸ್ಸಿಂದೇ. ಬೆನ್ನಿನ ಹೊಲಿಗೆ ನೋಡಿದ ಕೂಡಲೇ ಗೊತ್ತಾಯ್ತು, ನಾನೇ ಹೊಲಿದಿದ್ದು. ಅದರ ಮೇಲೆ ಚಹಾ ಲೋಟ ಇಟ್ಟಿದ್ದಾನೆ. ಎತ್ತಿಡಪ್ಪಾ ಅಂದೆ. ಯಾಕೆ ಅಂತ ಕೇಳಿದ. ಏನು ಹೇಳೋದು. ಸುಮ್ಮನೆ ಬಂದೆ.

ಮಾರ್ಚ್ ೧೦, ಮಂಗಳವಾರ

ಗೊತ್ತಾಯ್ತು. ತಲೆ ಚಿಟ್ಟು ಹಿಡಿದು ಹೋಗಿದೆ.

ಸರ್ವರಣ್ಣ ಇವತ್ತು ಒಳಗಿಂದ ಮೇಲಿನ ಮೇಡಮ್ಮನ್ನ ಕರೆದ. ಅವರು ನನ್ನ ಬೆರಳು ಇಡಿಸಿ ಏನೋ ಹುಡುಕಿದರು. ಹಸಿರು ದೀಪ ಬಂತು. ಬದುಕಿದೆ ಅಂದುಕೊಂಡೆ.

"ಬೆರಳು ಚೆನ್ನಾಗೇ ಇದೆ," ಅಂದರು. "ಆದರೆ ದಾಖಲೆ ಪ್ರಕಾರ ಇದು ನಿಮ್ಮ ಬೆರಳಲ್ಲ."

"ನನ್ನ ಕೈಲೇ ಇದೆಯಲ್ಲ ಮೇಡಂ."

"ಇದು ಇವರದು," ಅಂತ ಸ್ಕ್ರೀನ್ ತಿರುಗಿಸಿದರು.

ಅಕ್ಕ. ಅದೇ ಮುಖ, ಅದೇ ದುರುಗುಟ್ಟೋ ಕಣ್ಣು. ಏನೇ, ನನ್ನ ಬೆರಳಿಗೂ ಕೈ ಹಾಕಿದೆಯಾ ಅನ್ನೋ ಹಾಗೆ ನೋಡ್ತಿದ್ದಳು. ಅವಳ ಹೆಸರಲ್ಲಿ ನನ್ನ ಬೆರಳು, ನನ್ನ ಹೆಸರಲ್ಲಿ ಅವಳದು. ಫೋಟೋ ಸರಿ, ಹೆಸರು ಸರಿ, ಬೆರಳು ಮಾತ್ರ ಅದಲುಬದಲು.

ನಾಲ್ಕು ವರ್ಷ ಆಯ್ತು ನಾನೂ ಅವಳೂ ಮಾತಾಡಿ.

ಮಾರ್ಚ್ ೧೧, ಬುಧವಾರ

ಹೇಗಾಯ್ತು ಅಂತ ನೆನಪಾಯ್ತು. ಹಾಳೆ ಎಣಿಸ್ತಾ ಇದ್ದಾಗ ಫಕ್ಕನೆ ಹೊಳೆದು ಲೆಕ್ಕ ತಪ್ಪಿತು. ಮತ್ತೆ ಮೊದಲಿಂದ ಎಣಿಸಿದೆ.

ಕಾರ್ಡು ಮಾಡಿಸಿದ್ದು ಇಬ್ಬರೂ ಒಟ್ಟಿಗೆ. ಶಾಲೆಯ ಹಾಲ್‌ನಲ್ಲಿ ಕ್ಯಾಂಪು. ಎರಡು ಕುರ್ಚಿ, ಎರಡು ಮೆಷೀನು. ಫೋಟೋ ತೆಗೆದರು, ಕರೆಂಟ್ ಹೋಯ್ತು. ಬಂದ ಮೇಲೆ ಫ್ಯಾನ್ ಶುರುವಾಯ್ತು, ಸರಿಯಾಗಿ ಅಕ್ಕನ ತಲೆ ಮೇಲೆ. ಅವಳಿಗೆ ಫ್ಯಾನ್ ಗಾಳಿ ಆಗಲ್ಲ, ಕಿವಿ ನೋಯುತ್ತೆ. ಹುಟ್ಟಿದಾಗಿಂದ ಇದೇ ರಗಳೆ. "ಏ, ನೀನು ಇಲ್ಲಿ ಕೂರು," ಅಂದಳು. ಕೂತೆ. ನಾನು ಯಾವತ್ತು ಅವಳ ಮಾತು ಮೀರಿದ್ದೆ. ಬೆರಳು ಇಡಿ ಅಂದರು. ಇಬ್ಬರೂ ಇಟ್ಟೆವು.

ಅಷ್ಟೇ. ಒಬ್ಬಳ ಕಿವಿನೋವಿಗೆ ಇಬ್ಬರ ಬೆರಳು ಹೋಯ್ತು.

ಜಗಳ ಆಗಿದ್ದೂ ಇಂಥದ್ದೇ ಘನಂದಾರಿ ವಿಷಯಕ್ಕೆ. ನನ್ನ ದೊಡ್ಡ ಕುಕ್ಕರ್ ತಗೊಂಡು ಹೋದಳು, ವಾಪಸ್ ಕೊಟ್ಟಳು, ಮುಚ್ಚಳ ಬೇರೆ ಯಾರದೋ. ಮುಚ್ಚಳ ನಂದಲ್ಲ ಅಂದೆ. ನಿಂದೇ ಅಂದಳು. ಮಾತಿಗೆ ಮಾತು ಬೆಳೀತು. ಕೊನೆಗೆ ಅಂದಳು, "ಹೋಗೇ, ನಿಂದು ಎಲ್ಲಾ ಹಾಗೇನೇ. ಕೆಲಸಾನೂ ಟೆಂಪರರಿ, ಬುದ್ಧೀನೂ ಟೆಂಪರರಿ."

ಮುಚ್ಚಳ ಮರೀಬಹುದಿತ್ತು. ಆ ಮಾತು ಮರೆಯೋಕೆ ಆಗಲಿಲ್ಲ.

ಮಾರ್ಚ್ ೧೩, ಶುಕ್ರವಾರ

ಬೇರೆ ದಾರಿ ಏನಾದರೂ ಇದೆಯಾ ಅಂತ ಸರ್ವರಣ್ಣನ್ನ ಕೇಳಿದೆ. ನನ್ನದೊಂದೇ ಅಳಿಸಿ ಹೊಸದಾಗಿ ಹಾಕಿ ಅಂದೆ. ಆಗಲ್ವಂತೆ. ನನ್ನ ಬೆರಳು ಆಗಲೇ ಇನ್ನೊಬ್ಬರ ಹೆಸರಲ್ಲಿ ಇರೋದರಿಂದ ಹೊಸದಾಗಿ ತಗೊಳ್ಳಲ್ಲ ಮೆಷೀನು. ಇಬ್ಬರೂ ಒಂದೇ ದಿನ, ಒಂದೇ ಕೌಂಟರಿಗೆ, ಒಟ್ಟಿಗೆ ಬರಬೇಕು. ಅಕ್ಕ ಒಪ್ಪಿಗೆ ಸಹಿ ಹಾಕಬೇಕು.

"ಅಕ್ಕ ತಾನೇ ಮೇಡಂ, ಬರ್ತಾರೆ ಬಿಡಿ," ಅಂದ.

ಇವನೂ ಬಿಡಿ ಅಂತಾನೆ. ಇವನಿಗೆ ನಮ್ಮಕ್ಕ ಗೊತ್ತಿಲ್ಲ.

ಮನೇಲಿ ನಮ್ಮನೆಯವರು, "ಫೋನ್ ಮಾಡು," ಅಂದರು.

"ಅವಳು ಮಾಡಲಿ."

"ಅವಳಿಗೆ ಹೇಗೆ ಗೊತ್ತಾಗುತ್ತೆ, ನಿನ್ನ ಬೆರಳು ಅವಳ ಹತ್ರ ಇದೆ ಅಂತ?"

ಸರೀನೇ. ಆದರೂ ಮಾಡಲ್ಲ. ಖಾಯಂ ಕೆಲಸ ಹೋದರೆ ಹೋಗಲಿ.

ಮಾರ್ಚ್ ೧೯, ಗುರುವಾರ

ಮಾಡಿದೆ. ಬಡವನ ಕೋಪ ದವಡೆಗೆ ಮೂಲ. ಪಟ್ಟಿಯಲ್ಲಿ ನನ್ನ ಕೆಳಗೆ ಹೆಸರಿರೋಳು ನಿನ್ನೆ ನನ್ನ ಸೂಜಿ ನೋಡಿ, "ಇದು ಆಫೀಸಿಂದಾ ನಿಮ್ಮದಾ?" ಅಂತ ಕೇಳಿದಳು. ಆಗಲೇ ನನ್ನ ಜಾಗ ಅಳತೆ ಹಾಕ್ತಿದ್ದಾಳೆ. ರಕ್ತ ಕುದಿಯಿತು.

ಒಂದೇ ರಿಂಗಿಗೆ ಎತ್ತಿದಳು ಅಕ್ಕ.

"ಯಾರು ಸತ್ತರು?"

"ಯಾರೂ ಸತ್ತಿಲ್ಲ."

"ಮತ್ತೆ ಯಾಕೆ ಫೋನು?"

ಹೇಳಿದೆ. ಗಿಣಿಗೆ ಹೇಳಿದ ಹಾಗೆ ಹೇಳಿದೆ. ಕ್ಯಾಂಪು, ಕರೆಂಟು, ಫ್ಯಾನು. ಫ್ಯಾನ್ ವಿಷಯ ಬಂದ ಕೂಡಲೇ, "ಓಹೋ, ಅದೂ ನನ್ನ ತಪ್ಪೇ ಅನ್ನು," ಅಂದಳು. ನಾನು ಹಲ್ಲು ಕಚ್ಚಿಕೊಂಡೆ.

"ಪರ್ಮನೆಂಟಾ?"

"ಹೂಂ."

"ಪೆನ್ಷನ್ ಬರುತ್ತಾ?"

"ಬರುತ್ತೆ."

"ಸೋಮವಾರ ಬರ್ತೀನಿ. ಬೇಗ ಬಾ. ನಿನ್ನ ಹಾಗೆ ಕುಂಟುನೆಪ ಹೇಳ್ತಾ ಹನ್ನೊಂದಕ್ಕೆ ಬರಬೇಡ." ಇಟ್ಟುಬಿಟ್ಟಳು.

ಮೈಯೆಲ್ಲಾ ಉರೀತು. ಆಮೇಲೆ ಒಬ್ಬಳೇ ಸ್ವಲ್ಪ ಹೊತ್ತು ಅತ್ತೆ. ಯಾಕೆ ಅಂತ ಗೊತ್ತಿಲ್ಲ.

ಮಾರ್ಚ್ ೨೩, ಸೋಮವಾರ

ನನಗಿಂತ ಮೊದಲೇ ಬಂದು ಹೊರಗಿನ ಕಟ್ಟೆ ಮೇಲೆ ಕೂತಿದ್ದಳು. ಮಗಳು ಆಟೋದಲ್ಲಿ ತಂದು ಬಿಟ್ಟು ಕೆಲಸಕ್ಕೆ ಹೋದಳಂತೆ. ತೂಕ ಇಳಿದಿದ್ದಾಳೆ. ಕೈಲಿ ಕೋಲು. ಮೂರು ಮೆಟ್ಟಿಲು ಹತ್ತೋಕೆ ನಾಲ್ಕು ಸಲ ನಿಂತಳು. ನಾನು ಕೈ ಚಾಚಿದೆ, ಹಿಡಿಯಲಿಲ್ಲ.

"ಮೊಣಕಾಲಾ?"

"ಮುಂದಿನ ತಿಂಗಳು ಆಪರೇಷನ್. ಸರ್ಕಾರಿ ಆಸ್ಪತ್ರೇಲಿ ಬೆಡ್ ಸಿಕ್ಕಿದೆ. ಅದು ನನ್ನ ತಲೆನೋವು. ನೀನು ನಿಂದು ನೋಡ್ಕೋ."

ಹೀಗೆ ಮಾತಾಡೋಳ ಹತ್ರ ಏನು ಮಾತಾಡೋದು.

ಸರ್ವರಣ್ಣ ಕಾಗದ ಕೇಳಿದ. ಮೂಗಿಗಿಂತ ಮೂಗುತಿ ಭಾರ, ಒಂದು ಬೆರಳಿಗೆ ಇಷ್ಟು ಜೆರಾಕ್ಸು. ಅಕ್ಕನ ಕಾರ್ಡಿನ ಹಿಂಭಾಗದ್ದು ಇಲ್ಲ ಅಂದ. ನಾನೇ ಎದುರಿನ ಅಂಗಡಿಗೆ ಓಡಿದೆ. ಬಂದಾಗ ಸರ್ವರಣ್ಣ ಅವಳಿಗೆ ಏನೋ ಹೇಳಿ ಮುಗಿಸಿದ್ದ. "ಯೋಚನೆ ಮಾಡಿ ಅಮ್ಮ," ಅಂತಿದ್ದ.

"ಯೋಚನೆ ಎಂಥದ್ದು. ಸಹಿ ಎಲ್ಲಿ ಹಾಕಲಿ, ಅದು ಹೇಳು."

ಹಾಕಿದಳು. ಮೊದಲಿಂದಲೂ ಅವಳಿಗೆ ತಾಳ್ಮೆ ಇಲ್ಲ ಅಂದುಕೊಂಡೆ.

ಆಮೇಲೆ ಇಬ್ಬರನ್ನೂ ಮೆಷೀನಿನ ಮುಂದೆ ಕೂರಿಸಿದ. ಎರಡು ಕುರ್ಚಿ. ಮೇಲೆ ಫ್ಯಾನು. ಅಕ್ಕನ ತಲೆ ಮೇಲೆ.

ಅವಳು ಮೇಲೆ ನೋಡಿದಳು. ನನ್ನನ್ನು ನೋಡಿದಳು. ಏಳೋಕೆ ಅಂತ ಕೋಲು ಊರಿದಳು.

"ಅಕ್ಕಾ. ದಮ್ಮಯ್ಯ ಅಂತೀನಿ. ಅಲ್ಲೇ ಕೂರು."

ಕ್ಯೂನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಫ್ಯಾನ್ ಆರಿಸಪ್ಪಾ ಅಂದೆ. ಸ್ವಿಚ್ ಕೆಟ್ಟಿದೆ ಮೇಡಂ ಅಂದ. ಎಲ್ಲಾ ಕೆಡುತ್ತೆ ಇಲ್ಲಿ, ಫ್ಯಾನ್ ಒಂದು ಮಾತ್ರ ಕೆಡಲ್ಲ. ಅಕ್ಕ ಶಾಲು ತೆಗೆದು ಎರಡೂ ಕಿವಿ ಮುಚ್ಚಿ ಗಂಟು ಹಾಕಿಕೊಂಡಳು. ಹಾಗೇ ಕೂತಳು, ಹತ್ತೂ ಬೆರಳು ಮುಗಿಯೋವರೆಗೆ. ಗಾಳಿಗೆ ಕಣ್ಣಲ್ಲಿ ನೀರು. ಒರೆಸಿಕೊಳ್ಳೋಕೆ ಕೈ ಖಾಲಿ ಇಲ್ಲ. ನಾನು ಒರೆಸಿದೆ. ಬೈಯಲಿಲ್ಲ.

ಮಾರ್ಚ್ ೨೭, ಶುಕ್ರವಾರ

ಹಸಿರು!

ಫೋರ್‌ಮನ್ ಎದುರಲ್ಲೇ ಒತ್ತಿದೆ. ಒಂದೇ ಸಲಕ್ಕೆ ಹಸಿರು. ನನ್ನ ಹೆಸರು, ನನ್ನ ಫೋಟೋ, ನನ್ನದೇ ಬೆರಳು. ಇನ್ನು ಟೆಂಪರರಿ ಅಲ್ಲ. ಎಲ್ಲರೂ ಕೈ ಕುಲುಕಿದರು. ನನ್ನ ಕೆಳಗಿದ್ದೋಳೂ ಕುಲುಕಿದಳು, ಪಾಪ. ಅವಳ ಮುಖ ನೋಡೋಕಾಗಲಿಲ್ಲ. ಮಧ್ಯಾಹ್ನದಿಂದ ಮತ್ತೆ ಅಂಟಿನ ಕೆಲಸ. ಎಷ್ಟು ಸುಖ.

ಅಕ್ಕನಿಗೆ ಫೋನ್ ಮಾಡಿದೆ. "ಆಯ್ತಲ್ಲ, ಸರಿ," ಅಂದು ಇಟ್ಟಳು. ಎರಡು ಮಾತು ಹೆಚ್ಚಿಗೆ ಆಡಿದರೆ ಗಂಟು ಕರಗುತ್ತಾ ಇವಳದು.

ಮಾರ್ಚ್ ೩೦, ಸೋಮವಾರ

ಅಕ್ಕನ ಮಗಳು ಫೋನ್ ಮಾಡಿದ್ದಳು. "ಚಿಕ್ಕಮ್ಮ, ನಿಮಗೆ ಆ ಸೆಂಟರಿನವರು ಯಾರಾದರೂ ಗೊತ್ತಾ?" ಅಂತ.

ಅಕ್ಕನ ಆಪರೇಷನ್ ಹೋಯ್ತಂತೆ. ಆಸ್ಪತ್ರೇಲಿ ಬೆರಳು ಕೇಳಲ್ಲ, ಕಾರ್ಡಿನ ನಂಬರ್ ಹೊಡೆದರೆ ಸಾಕಿತ್ತು. ಈಗ ನಂಬರ್ ಹೊಡೆದರೆ ತಿದ್ದುಪಡಿಯಲ್ಲಿದೆ ಅಂತ ಬರ್ತಿದೆ. ಬೆಡ್ ಬೇರೆಯವರಿಗೆ ಕೊಟ್ಟರು. ಮುಂದಿನ ಸರದಿ ಆರು ತಿಂಗಳ ಮೇಲೆ. ಅದೂ ಕಾರ್ಡು ತೆರೆದರೆ.

ಸೆಂಟರಿಗೆ ಓಡಿದೆ. ಸರ್ವರಣ್ಣನ ಮೇಲೆ ಹರಿಹಾಯ್ದೆ.

"ಅವತ್ತೇ ಹೇಳಿದ್ದೆನಲ್ಲ ಮೇಡಂ, ಅಮ್ಮನಿಗೆ. ಅರ್ಜಿ ಕೊಟ್ಟವರದು ಮೊದಲು ತೆರೆಯುತ್ತೆ. ಇನ್ನೊಬ್ಬರದು ಪರಿಶೀಲನೆ ಆಗೋವರೆಗೂ ಬಂದ್. ಯೋಚನೆ ಮಾಡಿ ಅಂದೆ. ನೀವು ಜೆರಾಕ್ಸಿಗೆ ಹೋಗಿದ್ದಿರಿ."

ನೇರ ಅಕ್ಕನ ಮನೆಗೆ. ಬಾಗಿಲು ತೆಗೆಯೋಕೆ ಎಷ್ಟು ಹೊತ್ತು. ಒಳಗಿಂದ ಕೋಲಿನ ಸದ್ದು ಹತ್ತಿರ ಬರ್ತಾ ಇದ್ದರೆ ನಿಲ್ಲೋಕಾಗಲಿಲ್ಲ ನನಗೆ.

"ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ನೀನು ಬೆರಳಿಡ್ತಿದ್ದೆಯಾ?"

ಇಡ್ತಿರಲಿಲ್ಲ ಅಂದೆ. ನಿಜವಾ? ಗೊತ್ತಿಲ್ಲ. ಇಡ್ತಿದ್ದೆನೋ ಏನೋ.

"ಮೊಣಕಾಲು ಎಲ್ಲಿಗೂ ಓಡಿಹೋಗಲ್ಲ ಕಣೇ. ಆರು ತಿಂಗಳು ಬಿಟ್ಟೂ ಇಲ್ಲೇ ಇರುತ್ತೆ. ನಿನ್ನ ಕೆಲಸ ಇರ್ತಿತ್ತಾ?" ಅಂದಳು. ಕುರ್ಚಿಗೆ ಕೂರೋಕೆ ಒದ್ದಾಡ್ತಾ ಇದ್ದಳು. "ಟೆಂಪರರಿ ಅಂತ ಒಂದು ಮಾತು ಅಂದೆ. ನೀನು ನಾಲ್ಕು ವರ್ಷ ಅದನ್ನೇ ಕಟ್ಟಿಕೊಂಡು ಕೂತೆ. ಇನ್ನು ಆ ಮಾತು ನಾನೂ ಆಡೋ ಹಾಗಿಲ್ಲ, ನೀನೂ ಹಿಡ್ಕೊಳ್ಳೋ ಹಾಗಿಲ್ಲ."

ನಾನು ಕುರ್ಚಿ ಅಲುಗದ ಹಾಗೆ ಹಿಡ್ಕೊಂಡೆ. ಕೊನೆಗೆ, "ಮುಚ್ಚಳ ಮಾತ್ರ ನಂದಲ್ಲ," ಅಂದೆ.

"ನಿಂದೇ," ಅಂದಳು.

ಏಪ್ರಿಲ್ ೬, ಸೋಮವಾರ, ಬೆಳಿಗ್ಗೆ

ಸೆಂಟರಿನ ಬೆಂಚಿನಲ್ಲೇ ಕೂತು ಬರೀತಿದ್ದೀನಿ. ರಜೆ ಹಾಕಿದ್ದೀನಿ. ಪರ್ಮನೆಂಟ್ ಆದ ಮೇಲೆ ಮೊದಲ ರಜೆ, ಸಂಬಳ ಕಟ್ ಇಲ್ಲ. ಹೋದ ವಾರ ಬಿಡದೆ ದಿನಾ ಬಂದು ಮೇಲಿನ ಮೇಡಮ್ಮನ ತಲೆ ತಿಂದಿದ್ದಕ್ಕೆ ಇವತ್ತು ಅಕ್ಕನ ಪರಿಶೀಲನೆ. ಇವತ್ತು ಮುಗಿದರೆ ಆಸ್ಪತ್ರೆಗೆ ಹೋಗಿ ಕೇಳಬಹುದು. ಮುಗೀದಿದ್ದರೆ ನಾಳೆ ಬರ್ತೀನಿ. ನಾಡಿದ್ದೂ ಬರ್ತೀನಿ. ನನ್ನ ಮುಖ ನೋಡಿದ ಕೂಡಲೇ ಸರ್ವರಣ್ಣ ರಿಜಿಸ್ಟರ್ ಮೇಲಿಂದ ಲೋಟ ಎತ್ತಿಟ್ಟ. ಅಷ್ಟಾದರೂ ಕಲಿತಿದ್ದಾನೆ.

ಅಕ್ಕ ಪಕ್ಕದಲ್ಲೇ ಕೂತಿದ್ದಾಳೆ. ಇಲ್ಲೂ ಫ್ಯಾನು. "ಏ, ನೀನು ಈ ಕಡೆ ಬಾ," ಅಂದಳು. ಬದಲಾಯಿಸಿಕೊಂಡೆವು. ಇದು ಬರೀ ಕಾಯೋ ಬೆಂಚು, ಇಲ್ಲಿ ಎಲ್ಲಿ ಕೂತರೂ ನಡೆಯುತ್ತೆ. ಈಗ ಗಾಳಿಯೆಲ್ಲ ನನಗೆ. ಹಾಳೆ ಹಾರ್ತಿದೆ. ಅದೇನು ಬರೀತೀಯ, ಇಲ್ಲಾದರೂ ಸುಮ್ಮನೆ ಕೂರು ಅಂತಾಳೆ. ನನ್ನ ಬಗ್ಗೆ ಕೆಟ್ಟದಾಗಿ ಬರೀಬೇಡ ಅಂತಾಳೆ. ಬಗ್ಗಿ ನೋಡ್ತಿದ್ದಾಳೆ. ಕನ್ನಡಕ ತಂದಿಲ್ಲ, ಕಾಣಲ್ಲ ಅವಳಿಗೆ.

ಅವಳ ನಂಬರ್ ಕೂಗಿದರು. ಕೋಲು ಬೆಂಚಿನ ಕೆಳಗೆ ಬಿದ್ದಿದೆ. ಏಳೋಕೆ ಆಗ್ತಿಲ್ಲ. "ನೋಡ್ತಾ ಕೂತಿದ್ದೀಯಲ್ಲ, ಕೈ ಕೊಡೇ," ಅಂತಿದ್ದಾಳೆ. ಒಂದು ಕೈ ಕೊಟ್ಟೆ, ಸಾಲದಂತೆ, ಎರಡೂ